ಗೋಬರ್ ಅನಿಲದ ಒಲೆ ಸರಿಯಾಗಿ ಉರಿಯದಿದ್ದಾಗ

ಅನಿಲ ಸ್ಥಾವರ ಕಟ್ಟಿಸಿದ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಮೊದಲ ವರ್ಷ ಚೆನ್ನಾಗಿ ಉರಿಯಿತು. ಆಮೇಲೆ ಯಾಕೋ ಹಿಡಿಯಲಿಲ್ಲ, ಬಿಟ್ಟುಬಿಟ್ಟೆವು." ಬಿಟ್ಟ ಸ್ಥಾವರದಲ್ಲಿ ಬಗ್ಗಡ ಒಣಗಿ ಗಟ್ಟಿಯಾಗುತ್ತದೆ. ಅದನ್ನು ಮತ್ತೆ ನಡೆಸುವುದು ಹೊಸದನ್ನು ಕಟ್ಟಿಸಿದಷ್ಟೇ ಕಷ್ಟ. ಮನೆಯ ಹೆಣ್ಣುಮಕ್ಕಳು ಪುನಃ ಸೌದೆಯ ಹೊಗೆಯಲ್ಲಿ ಕಣ್ಣೀರು ಹಾಕುತ್ತಾ ಅಡಿಗೆ ಮಾಡಬೇಕಾಗುತ್ತದೆ. ಒಳ್ಳೆಯ ಗೊಬ್ಬರವೂ ಕೈತಪ್ಪುತ್ತದೆ. ಇಷ್ಟೆಲ್ಲಾ ನಷ್ಟಕ್ಕೆ ಕಾರಣ ಹಲವು ಸಲ ಕೊಳವೆಯಲ್ಲಿ ನಿಂತ ಒಂದು ಲೋಟ ನೀರು, ಇಲ್ಲವೆ ಬರ್ನರಿನ ತೂತಿನಲ್ಲಿ ಕಟ್ಟಿದ ಮಸಿ ಅಷ್ಟೆ. ಇಂತಹ ದೋಷಗಳನ್ನು ಗುರುತಿಸಿ ನೀವೇ ಸರಿಪಡಿಸಿಕೊಳ್ಳುವ ಬಗೆಯನ್ನು ಇಲ್ಲಿ ತಿಳಿಸಲಾಗಿದೆ.

ನಿಮ್ಮ ಒಲೆ ಯಾವುದು?

ಮೊದಲು ನಿಮ್ಮ ಮನೆಯಲ್ಲಿರುವ ಒಲೆ ಯಾವ ಅನಿಲಕ್ಕಾಗಿ ಮಾಡಿದ್ದು ಎಂಬುದನ್ನು ಗುರುತಿಸಿಕೊಳ್ಳಬೇಕು. ಈಗ ಅನೇಕ ಮನೆಗಳಲ್ಲಿ ಸಿಲಿಂಡರ್ ಅನಿಲವೂ ಇದೆ, ಗೋಬರ್ ಅನಿಲವೂ ಇದೆ. ಎರಡು ಒಲೆಗಳೂ ನೋಡಲು ಒಂದೇ ರೀತಿ ಇರುತ್ತವೆ. ಆದರೆ ಒಂದರ ಒಲೆ ಇನ್ನೊಂದಕ್ಕೆ ನಡೆಯುವುದಿಲ್ಲ.

ಗೋಬರ್ ಅನಿಲದಲ್ಲಿ ನೂರಕ್ಕೆ ಸುಮಾರು 55ರಿಂದ 65 ಪಾಲು ಮಾತ್ರ ಉರಿಯುವ ಮೀಥೇನ್ ಇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಉರಿಯದ ಇಂಗಾಲದ ಡೈಆಕ್ಸೈಡ್. ಆದ್ದರಿಂದ ಒಂದೇ ಅಳತೆಯ ಸಿಲಿಂಡರ್ ಅನಿಲಕ್ಕೆ ಹೋಲಿಸಿದರೆ ಇದರಲ್ಲಿ ಶಾಖ ಸುಮಾರು ಐದನೇ ಒಂದು ಭಾಗದಷ್ಟು. ಜೊತೆಗೆ ಸಿಲಿಂಡರಿನ ರೆಗ್ಯುಲೇಟರಿನಿಂದ ಬರುವ ಅನಿಲದ ಒತ್ತಡ ಸುಮಾರು 30 ಸೆಂ.ಮೀ. ನೀರಿನ ಮಟ್ಟದಷ್ಟಿದ್ದರೆ, ತೇಲುವ ಡ್ರಮ್ಮಿನ ಸ್ಥಾವರದಲ್ಲಿ ಅದು 10 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಹೀಗಾಗಿ ಗೋಬರ್ ಅನಿಲದ ಒಲೆಯ ಜೆಟ್ಟಿನ ತೂತು ದೊಡ್ಡದು, ಸುಮಾರು 2 ಮಿ.ಮೀ. ಇರುತ್ತದೆ. ಸಿಲಿಂಡರ್ ಒಲೆಯ ಜೆಟ್ಟಿನ ತೂತು 1 ಮಿ.ಮೀ.ಗಿಂತಲೂ ಸಣ್ಣದು. ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಗೋಬರ್ ಅನಿಲದ ಒಲೆಗೆ ಸಿಲಿಂಡರ್ ಜೋಡಿಸುವ ಕೆಲಸವನ್ನು ಯಾವ ಕಾರಣಕ್ಕೂ ಮಾಡಬಾರದು. ದೊಡ್ಡ ತೂತಿನಿಂದ ಅನಿಲ ನುಗ್ಗಿ ಬೆಂಕಿ ಮೇಲೇಳುತ್ತದೆ. ಹಾಗೆಯೇ ಸಿಲಿಂಡರ್ ಒಲೆಯ ಜೆಟ್ಟನ್ನು ಕೊರೆದು ದೊಡ್ಡದು ಮಾಡಿಕೊಳ್ಳುವುದೂ ಸರಿಯಲ್ಲ. ಗೋಬರ್ ಅನಿಲಕ್ಕೆಂದೇ ಭಾರತೀಯ ಮಾನಕಕ್ಕೆ ಅನುಗುಣವಾಗಿ ತಯಾರಿಸಿದ ಒಲೆಗಳು ದೊರೆಯುತ್ತವೆ. ಅವನ್ನೇ ಕೊಳ್ಳಿರಿ.

ಮೊದಲು ಸ್ಥಾವರವನ್ನು ನೋಡಿ

ಒಲೆ ಉರಿಯದಿದ್ದರೆ ಕೂಡಲೇ ಒಲೆಯನ್ನು ಬಿಚ್ಚಬೇಡಿ. ಸ್ಥಾವರದಲ್ಲಿ ಅನಿಲ ಇದೆಯೇ ಎಂದು ಮೊದಲು ನೋಡಿ. ತೇಲುವ ಡ್ರಮ್ ಇದ್ದರೆ ಅದು ಮೇಲೆದ್ದಿರಬೇಕು. ದೀನಬಂಧುವಿನಂತಹ ಸ್ಥಿರ ಗುಮ್ಮಟದ ಸ್ಥಾವರವಾದರೆ ಬಗ್ಗಡ ಹೊರಬರುವ ತೊಟ್ಟಿಯಲ್ಲಿ ಮಟ್ಟ ರಾತ್ರಿ ಕಳೆಯುವುದರೊಳಗೆ ಏರಿರಬೇಕು. ಅನಿಲ ಬಳಸಿದಂತೆ ಅದು ಇಳಿಯಬೇಕು.

ಅನಿಲ ಇಲ್ಲವೆಂದಾದರೆ ಲೆಕ್ಕ ಹಾಕಿ ನೋಡಿ. ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಸ್ಥಾವರಕ್ಕೆ ಪ್ರತಿದಿನ ಸುಮಾರು 50 ಕಿಲೋ ಹಸಿ ಸಗಣಿ, ಅಷ್ಟೇ ಅಳತೆಯ ನೀರು ಬೇಕು. ಇದಕ್ಕೆ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ 4-5 ದೊಡ್ಡ ದನಗಳಾದರೂ ಇರಬೇಕು. ದನ ಮಾರಿ ಎರಡೇ ಉಳಿದಿದ್ದರೆ ಅನಿಲವೂ ಅರ್ಧವಾಗುವುದು ಸಹಜ. ಅದು ಸ್ಥಾವರದ ದೋಷವಲ್ಲ. ಒಂದು ಸಾಧಾರಣ ಬರ್ನರ್ ಗಂಟೆಗೆ ಸುಮಾರು 450 ಲೀಟರ್ ಅನಿಲ ಉರಿಸುತ್ತದೆ. ಅಂದರೆ 2 ಘನ ಮೀಟರ್ ಅನಿಲದಲ್ಲಿ ಒಂದು ಬರ್ನರ್ ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು ಕಾಲ ಉರಿದೀತು. ಅದಕ್ಕಿಂತ ಹೆಚ್ಚು ಅಪೇಕ್ಷಿಸಬಾರದು.

ಸಗಣಿ ಸಾಕಷ್ಟು ಹಾಕಿದರೂ ಅನಿಲ ಕಡಿಮೆಯಾಗಲು ಬೇರೆ ಕಾರಣಗಳೂ ಇವೆ. ಚಳಿಗಾಲದಲ್ಲಿ ಅನಿಲ ಉತ್ಪಾದಿಸುವ ಸೂಕ್ಷ್ಮಜೀವಿಗಳ ಚಟುವಟಿಕೆ ತಗ್ಗುತ್ತದೆ. ಆಗ ಸಗಣಿಯನ್ನು ಬಿಸಿಲೇರಿದ ಮೇಲೆ, ಬಿಸಿಲಿಗೆ ಕಾದ ನೀರಿನಲ್ಲಿ ಕಲಸಿ ಹಾಕಿರಿ. ಸಾಬೂನಿನ ನೀರು, ಫಿನಾಯಿಲ್, ಕೀಟನಾಶಕ ತೊಳೆದ ನೀರು ತೊಟ್ಟಿಗೆ ಸೇರಿದರೆ ಈ ಜೀವಿಗಳು ಸಾಯುತ್ತವೆ. ಹುಲ್ಲು, ಕಸಕಡ್ಡಿ ಸೇರಿದರೆ ಮೇಲೆ ಗಟ್ಟಿ ಪದರ ಕಟ್ಟಿ ಅನಿಲ ಮೇಲೇಳದಂತೆ ಮಾಡುತ್ತದೆ. ತೇಲುವ ಡ್ರಮ್ಮನ್ನು ದಿನಕ್ಕೊಮ್ಮೆ ಎಡಕ್ಕೂ ಬಲಕ್ಕೂ ತಿರುಗಿಸಿದರೆ ಈ ಪದರ ಒಡೆಯುತ್ತದೆ.

ಅನಿಲ ಇದೆ, ಒಲೆಗೆ ಬರುತ್ತಿಲ್ಲ

ಸ್ಥಾವರದಲ್ಲಿ ಅನಿಲ ತುಂಬಿದ್ದೂ ಒಲೆಗೆ ಬರದಿದ್ದರೆ ದೋಷ ಕೊಳವೆಯಲ್ಲಿದೆ. ಗೋಬರ್ ಅನಿಲ ತನ್ನೊಡನೆ ನೀರಿನ ಆವಿಯನ್ನು ತರುತ್ತದೆ. ತಂಪಾದ ಕೊಳವೆಯಲ್ಲಿ ಆವಿ ನೀರಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ನೀರು ಸ್ವಲ್ಪವಿದ್ದರೆ ಜ್ವಾಲೆ ಏಳುತ್ತ ಬೀಳುತ್ತ ಕುಣಿಯುತ್ತದೆ. ಹೆಚ್ಚಾದರೆ ಅನಿಲವೇ ನಿಂತುಹೋಗುತ್ತದೆ. ಒಲೆಯ ನಲ್ಲಿಗಳನ್ನು ಮುಚ್ಚಿ, ಕೊಳವೆಯ ತಗ್ಗಿನಲ್ಲಿರುವ ನೀರು ಬಸಿಯುವ ನಲ್ಲಿಯನ್ನು ತೆರೆದು ನೀರನ್ನು ಹರಿಯಬಿಡಿ. ನೀರು ಮುಗಿದು ಅನಿಲ ಬರತೊಡಗಿದ ಕೂಡಲೇ ಮುಚ್ಚಿಬಿಡಿ. ಈ ಕೆಲಸ ಮಾಡುವಾಗ ಹತ್ತಿರ ಬೀಡಿ, ದೀಪ, ಬೆಂಕಿ ಇರಬಾರದು. ವಾರಕ್ಕೊಮ್ಮೆ ಹೀಗೆ ಮಾಡುವುದನ್ನು ರೂಢಿಸಿಕೊಂಡರೆ ಅರ್ಧ ತೊಂದರೆ ತಪ್ಪಿದಂತೆಯೇ.

ಕೊಳವೆಯನ್ನು ನೂರು ಅಡಿಗೆ ಒಂದು ಅಡಿಯಂತೆ ಈ ನಲ್ಲಿಯ ಕಡೆಗೆ ಇಳಿಜಾರಾಗಿ ಜೋಡಿಸಿರಬೇಕು. ನಡುವೆ ಜೋತುಬಿದ್ದ ಕಡೆಯಲ್ಲೆಲ್ಲಾ ನೀರು ನಿಲ್ಲುತ್ತದೆ. ಅಲ್ಲಿ ಕೆಳಗಿನಿಂದ ಆಧಾರ ಕೊಡಬೇಕು. ಒಲೆಗೆ ಜೋಡಿಸಿದ ರಬ್ಬರ್ ಕೊಳವೆ ಮಡಿಸಿಕೊಂಡಿದೆಯೇ, ಬಿರುಕು ಬಿಟ್ಟಿದೆಯೇ ಎಂಬುದನ್ನೂ ನೋಡಿರಿ.

ಸೋರಿಕೆಯನ್ನು ಪತ್ತೆ ಹಚ್ಚುವುದು

ಕೊಳೆತ ಮೊಟ್ಟೆಯಂತಹ ವಾಸನೆ ಬಂದರೆ ಅನಿಲ ಸೋರುತ್ತಿದೆಯೆಂದು ತಿಳಿಯಿರಿ. ಸ್ಥಾವರದ ಮುಖ್ಯ ನಲ್ಲಿಯನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆಯಿರಿ. ವಿದ್ಯುತ್ ಸ್ವಿಚ್ಚುಗಳನ್ನು ಹಾಕಲೂ ಬಾರದು, ಆರಿಸಲೂ ಬಾರದು. ವಾಸನೆ ಪೂರ್ತಿ ಹೋದ ಮೇಲೆ ಮುಖ್ಯ ನಲ್ಲಿಯನ್ನು ಸ್ವಲ್ಪ ತೆರೆದು, ಸಾಬೂನಿನ ನೊರೆಯನ್ನು ಒಂದೊಂದು ಜೋಡಣೆಗೂ ಹಚ್ಚಿರಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಕಡ್ಡಿ ಗೀರಿ ಸೋರಿಕೆ ಹುಡುಕುವುದು ಪ್ರಾಣಕ್ಕೇ ಅಪಾಯ.

ಇನ್ನೊಂದು ಸುಲಭ ಉಪಾಯವಿದೆ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು 'ಯು' ಆಕಾರದಲ್ಲಿ ಹಲಗೆಗೆ ಬಿಗಿದು, ಅರ್ಧದಷ್ಟು ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಅಡಿಗೆಮನೆಯ ಅನಿಲದ ಕೊಳವೆಗೆ ಜೋಡಿಸಿ, ಇನ್ನೊಂದು ತುದಿಯನ್ನು ತೆರೆದಿಡಿ. ಎರಡು ತೋಳುಗಳ ನೀರಿನ ಮಟ್ಟದ ಅಂತರವೇ ಅನಿಲದ ಒತ್ತಡ. ಸ್ಥಿರ ಗುಮ್ಮಟದ ಸ್ಥಾವರದಲ್ಲಿ ಒತ್ತಡ ಹೆಚ್ಚು ಏರುವುದರಿಂದ ತೋಳುಗಳು ಒಂದು ಮೀಟರಿಗಿಂತ ಎತ್ತರವಿರಲಿ. ಮುಖ್ಯ ನಲ್ಲಿ, ಒಲೆಯ ನಲ್ಲಿ ಎರಡನ್ನೂ ಮುಚ್ಚಿ ಅರ್ಧ ಗಂಟೆ ಬಿಟ್ಟು ನೋಡಿ. ಅಂತರ ಹಾಗೆಯೇ ಇದ್ದರೆ ಕೊಳವೆ ಗಟ್ಟಿಯಾಗಿದೆ. ಇಳಿದುಹೋಗಿದ್ದರೆ ಎಲ್ಲೋ ಸೋರುತ್ತಿದೆ.

ಜ್ವಾಲೆ ಏನು ಹೇಳುತ್ತದೆ?

ಅನಿಲ ಒಲೆಗೆ ಬರುತ್ತಿದೆ, ಆದರೆ ಸರಿಯಾಗಿ ಉರಿಯುತ್ತಿಲ್ಲ ಎಂದರೆ ಜ್ವಾಲೆಯನ್ನು ಗಮನಿಸಬೇಕು. ಒಂದು ಪಾಲು ಗೋಬರ್ ಅನಿಲ ಪೂರ್ತಿ ಉರಿಯಲು ಸುಮಾರು ಆರು ಪಾಲು ಗಾಳಿ ಬೇಕು. ಅದರಲ್ಲಿ ಒಂದಂಶ ಜೆಟ್ಟಿನ ಬಳಿಯ ಕಂಡಿಯಿಂದಲೇ ಒಳಸೇರುತ್ತದೆ. ಈ ಕಂಡಿಯನ್ನು ಹಿಗ್ಗಿಸಲು, ಕುಗ್ಗಿಸಲು ತಿರುಗುವ ಬಿಲ್ಲೆ ಇರುತ್ತದೆ.

1. ಜ್ವಾಲೆ ಹಳದಿಯಾಗಿ, ಉದ್ದವಾಗಿ, ಪಾತ್ರೆಗೆ ಮಸಿ ಹಿಡಿಸುತ್ತಿದ್ದರೆ ಗಾಳಿ ಸಾಲದು. ಬಿಲ್ಲೆಯನ್ನು ತಿರುಗಿಸಿ ಕಂಡಿಯನ್ನು ಹಿಗ್ಗಿಸಿ. ಬರ್ನರಿನ ತೂತುಗಳು ಕಟ್ಟಿದ್ದರೂ ಹೀಗಾಗುತ್ತದೆ. ಇಂತಹ ಜ್ವಾಲೆಯಿಂದ ವಿಷಾನಿಲವೂ ಹುಟ್ಟುವುದರಿಂದ ಅಲಕ್ಷಿಸಬಾರದು.

2. ಜ್ವಾಲೆ ಬರ್ನರನ್ನು ಬಿಟ್ಟು ಮೇಲಕ್ಕೆ ಹಾರಿ ಆರಿಹೋಗುತ್ತಿದ್ದರೆ ಒತ್ತಡ ಅಥವಾ ಗಾಳಿ ಹೆಚ್ಚಾಗಿದೆ. ಸ್ಥಿರ ಗುಮ್ಮಟದ ಸ್ಥಾವರಗಳಲ್ಲಿ ಬೆಳಗಿನ ಹೊತ್ತು ಇದು ಸಾಮಾನ್ಯ. ನಲ್ಲಿಯನ್ನು ತಗ್ಗಿಸಿ, ಸಾಲದಿದ್ದರೆ ಕಂಡಿಯನ್ನು ಕುಗ್ಗಿಸಿ.

3. 'ಪಟ್' ಎಂದು ಸದ್ದಾಗಿ ಬೆಂಕಿ ಬರ್ನರಿನ ಒಳಗೆ, ಜೆಟ್ಟಿನ ಬಳಿ ಉರಿಯತೊಡಗಿದರೆ ಒತ್ತಡ ಸಾಲದು, ಗಾಳಿ ಹೆಚ್ಚು. ಕೂಡಲೇ ನಲ್ಲಿಯನ್ನು ಮುಚ್ಚಿ. ಒಲೆ ತಣ್ಣಗಾದ ಮೇಲೆ ಕಂಡಿಯನ್ನು ಕುಗ್ಗಿಸಿ ಮತ್ತೆ ಹಚ್ಚಿರಿ.

4. ಜ್ವಾಲೆ ನೀಲಿಯಾಗಿದ್ದರೂ ತೀರ ಸಣ್ಣದಾಗಿದ್ದರೆ ಜೆಟ್ಟಿನಲ್ಲಿ ಕಸ ಕಟ್ಟಿದೆ ಅಥವಾ ಒತ್ತಡ ಕಡಿಮೆಯಾಗಿದೆ.

5. ವಾಸನೆ ಬರುತ್ತದೆ, ಕಡ್ಡಿ ಹಿಡಿದರೆ ಹತ್ತುವುದಿಲ್ಲ ಎಂದಾದರೆ ಅನಿಲದಲ್ಲಿ ಮೀಥೇನ್ ಸಾಲದು. ಹೊಸ ಸ್ಥಾವರದಲ್ಲಿ ಇದು ಸಹಜ. ಮೊದಲ ಸಲ ತುಂಬಿದ ಅನಿಲದಲ್ಲಿ ಗಾಳಿ ಬೆರೆತಿದ್ದು ಸಿಡಿಯುವ ಅಪಾಯವಿರುವುದರಿಂದ ಅದನ್ನು ಉರಿಸದೆ ಬಯಲಿಗೆ ಬಿಟ್ಟುಬಿಡಬೇಕು. ಹಳೆಯ ಸ್ಥಾವರದಲ್ಲಿ ಹೀಗಾದರೆ ಬಗ್ಗಡ ಹುಳಿಯಾಗಿರಬಹುದು. ಕೆಲವು ದಿನ ಸಗಣಿ ಹಾಕುವುದನ್ನು ನಿಲ್ಲಿಸಿ, ಅನಂತರ ಸ್ವಲ್ಪ ಸ್ವಲ್ಪವಾಗಿ ಹಾಕತೊಡಗಿ.

ಒಲೆಯನ್ನು ಮೊದಲಿನಿಂದ ಹೊಂದಿಸುವ ಕ್ರಮ

ಯಾರೋ ಬಿಲ್ಲೆಯನ್ನು ಹೇಗೆಹೇಗೋ ತಿರುಗಿಸಿ ಏನೂ ತಿಳಿಯದಂತಾಗಿದ್ದರೆ ಹೀಗೆ ಮಾಡಿರಿ. ನಲ್ಲಿ ಮುಚ್ಚಿ, ಒಲೆ ತಣ್ಣಗಿರುವಾಗ ಬರ್ನರಿನ ತಲೆಯನ್ನು ತೆಗೆದು ಬಿಸಿನೀರಿನಲ್ಲಿ ಉಜ್ಜಿ ತೊಳೆದು, ತೂತುಗಳನ್ನು ಸೂಜಿಯಿಂದ ಬಿಡಿಸಿ, ಚೆನ್ನಾಗಿ ಒಣಗಿಸಿ. ಜೆಟ್ಟನ್ನು ಬಿಚ್ಚಿ ಮೆತ್ತನೆಯ ತೆಳು ತಂತಿಯಿಂದ ಶುಚಿ ಮಾಡಿ. ತೂತು ದೊಡ್ಡದಾಗದಂತೆ ಎಚ್ಚರವಹಿಸಿ. ಜೆಟ್ಟು ಬರ್ನರಿನ ಕೊಳವೆಗೆ ನೇರವಾಗಿರುವಂತೆ ಮತ್ತೆ ಜೋಡಿಸಿ.

ಈಗ ಗಾಳಿಯ ಕಂಡಿಯನ್ನು ಪೂರ್ತಿ ಮುಚ್ಚಿ. ಮೊದಲು ಕಡ್ಡಿ ಗೀರಿ ಬರ್ನರಿನ ಬಳಿ ಹಿಡಿದು, ಆಮೇಲೆ ನಲ್ಲಿಯನ್ನು ತೆರೆಯಿರಿ. ಹಳದಿ ಜ್ವಾಲೆ ಏಳುತ್ತದೆ. ಬಿಲ್ಲೆಯನ್ನು ನಿಧಾನವಾಗಿ ತಿರುಗಿಸುತ್ತಾ ಹೋದಂತೆ ಜ್ವಾಲೆ ಮೋಟಾಗಿ ನೀಲಿಗೆ ತಿರುಗುತ್ತದೆ. ಪ್ರತಿ ತೂತಿನ ಮೇಲೂ ಸಣ್ಣ ನೀಲಿ ಮೊಗ್ಗಿನಂತೆ ನಿಂತು, ಮೆಲ್ಲಗೆ ಸುಯ್ಯೆಂದರೆ ಅದೇ ಸರಿಯಾದ ಹದ. ಜ್ವಾಲೆ ಬರ್ನರನ್ನು ಬಿಟ್ಟು ಏಳತೊಡಗಿದರೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ಬಿಗಿ ಮಾಡಿ.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಸ್ಥಾವರದ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಅನಿಲವನ್ನು ಪರೀಕ್ಷಿಸಬಾರದು. ಬೆಂಕಿ ಒಳಗೆ ನುಗ್ಗಿ ಸ್ಥಾವರವೇ ಸಿಡಿಯಬಹುದು. ಪರೀಕ್ಷೆ ಏನಿದ್ದರೂ ಒಲೆಯ ಮೇಲೆ.

ಗುಂಡಿಯನ್ನು ಸ್ವಚ್ಛ ಮಾಡಲೆಂದು ಯಾರೂ ಒಳಗಿಳಿಯಬಾರದು. ಖಾಲಿಯಾಗಿ ಕಂಡರೂ ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ; ವಿಷಾನಿಲವಿರುತ್ತದೆ. ಇಳಿದವನು ಕೂಗುವ ಮೊದಲೇ ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಮೂರನೆಯವನೂ ಸಾಯುವ ಸಂಭವವಿದೆ. ಒಳಗಿನ ಕೆಲಸವಿದ್ದರೆ ತಕ್ಕ ಸಲಕರಣೆಗಳಿರುವ, ತರಬೇತಿ ಪಡೆದವರಿಂದಲೇ ಮಾಡಿಸಿರಿ.

ಸಿಲಿಂಡರ್ ಅನಿಲ ಗಾಳಿಗಿಂತ ಭಾರವಾದದ್ದು. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಗೋಬರ್ ಅನಿಲ ಹಗುರವಾಗಿದ್ದು ಕೋಣೆಯಲ್ಲೆಲ್ಲಾ ಬೆರೆಯುತ್ತದೆ. ಆದ್ದರಿಂದ ಅಡಿಗೆಮನೆಗೆ ಮೇಲೂ ಕೆಳಗೂ ಗಾಳಿಯಾಡುವ ಕಂಡಿಗಳಿರಲಿ. ಸಿಲಿಂಡರ್ ಸೋರಿದಾಗ ಮನೆಯಿಂದ ಹೊರಗೆ ಬಂದು 1906 ಸಂಖ್ಯೆಗೆ ದೂರವಾಣಿ ಮಾಡಿರಿ.

ಉತ್ತರ ಕನ್ನಡದ ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಅನೇಕ ಮನೆಗಳಲ್ಲಿ ಗೋಬರ್ ಅನಿಲ ವರ್ಷಾನುಗಟ್ಟಲೆ ಉರಿಯುತ್ತಾ ಬಂದಿದೆ. ಬಗ್ಗಡ ತೋಟಕ್ಕೆ ಗೊಬ್ಬರವಾಗುತ್ತಿದೆ. ದಿನವೂ ಅಳತೆಯ ಸಗಣಿ, ವಾರಕ್ಕೊಮ್ಮೆ ನೀರು ಬಸಿಯುವುದು, ತಿಂಗಳಿಗೊಮ್ಮೆ ಬರ್ನರ್ ತೊಳೆಯುವುದು, ವರ್ಷಕ್ಕೊಮ್ಮೆ ಡ್ರಮ್ಮಿಗೆ ಬಣ್ಣ: ಇಷ್ಟನ್ನು ತಪ್ಪದೆ ನಡೆಸಿದರೆ ನಿಮ್ಮ ಒಲೆಯೂ ಹಾಗೆಯೇ ಉರಿಯುವುದು. ಒಲೆಯ ಮುಂದೆ ದಿನವೂ ನಿಲ್ಲುವವರು ಮನೆಯ ಹೆಣ್ಣುಮಕ್ಕಳು. ಜ್ವಾಲೆ ಬದಲಾದುದನ್ನು ಮೊದಲು ಕಾಣುವವರೂ ಅವರೇ. ಈ ಲೇಖನವನ್ನು ಅವರಿಗೂ ಓದಿ ಹೇಳಿರಿ.