ದ್ರವರೂಪದ ರೊಟ್ಟಿ ಮತ್ತು ನಮ್ಮ ಉಪವಾಸ

ಪಾಸ್ಕ ಹಬ್ಬದ ಮರುದಿನ ಗೌನಿಪಲ್ಲಿಯ ಒಂದು ಮನೆಗೆ ಊಟಕ್ಕೆ ಹೋಗಿದ್ದೆವು. ಜರ್ಮನಿಯಲ್ಲಿ ದುಡಿಯುತ್ತಿರುವ ಮಗ ರಜೆಯಲ್ಲಿ ಬಂದಿದ್ದ. ತಾನು ತಂದಿದ್ದ ‘ಸಾಲ್ವಾಟರ್’ ಎಂಬ ಬಿಯರಿನ ಬಾಟಲಿಯನ್ನು ನಮ್ಮ ಮುಂದಿಟ್ಟು, “ಸ್ವಾಮಿ, ಇದು ಸನ್ಯಾಸಿಗಳು ತಪಸ್ಸುಕಾಲದಲ್ಲಿ ಕುಡಿಯುತ್ತಿದ್ದುದು. ಉಪವಾಸಕ್ಕೆ ಭಂಗವಿಲ್ಲ” ಎಂದು ನಕ್ಕ. ತಾಯಿ ನಗಲಿಲ್ಲ.

ಮಗನ ಮಾತು ಸುಳ್ಳಲ್ಲ. ಪಾವೊಲಾದ ಸಂತ ಫ್ರಾನ್ಸಿಸರ (1416–1507) ಸಭೆಯ ಸನ್ಯಾಸಿಗಳು 17ನೇ ಶತಮಾನದಲ್ಲಿ ಮ್ಯೂನಿಕ್ ನಗರದಲ್ಲಿ ನೆಲೆಸಿದರು. ಮಾಂಸ, ಮೊಟ್ಟೆ, ಹಾಲು ಇವನ್ನು ಜೀವನಪರ್ಯಂತ ತ್ಯಜಿಸುವ ವ್ರತ ಅವರದು. ಕಠಿಣ ಉಪವಾಸದ ದಿನಗಳಲ್ಲಿ ದೇಹಕ್ಕೆ ಆಧಾರವಾಗಿ ಅವರು ಗಟ್ಟಿಯಾದ ಬಿಯರನ್ನು ತಯಾರಿಸಿಕೊಂಡರು. ಜನರು ಅದನ್ನು ‘ದ್ರವರೂಪದ ರೊಟ್ಟಿ’ ಎಂದರು. 1780ರಲ್ಲಿ ಸಾರ್ವಜನಿಕರಿಗೆ ಮಾರಲು ಅನುಮತಿ ದೊರೆಯಿತು. 1799ರಲ್ಲಿ ಮಠ ಮುಚ್ಚಿತು, ಪಾನೀಯ ಉಳಿಯಿತು. ‘ಸಾಲ್ವಾಟರ್’ ಎಂದರೆ ರಕ್ಷಕ.

ನಾವೂ ಎರಡು ಗುಟುಕು ರುಚಿ ನೋಡಿದೆವು. ಬಣ್ಣ ಹಳೆಯ ಜೇನಿನದು. ಸುಟ್ಟ ರೊಟ್ಟಿಯ ಅಂಚಿನ ವಾಸನೆ, ಬೆಲ್ಲದ ಪಾಕದಂಥ ಸಿಹಿ, ಅತ್ಯಲ್ಪ ಕಹಿ, ಕೊನೆಯಲ್ಲಿ ಎದೆಗಿಳಿಯುವ ಬಿಸಿ. ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯೇ ಇದರ ಮೂಲ. ರಾಗಿಯನ್ನು ಮೊಳಕೆ ಕಟ್ಟಿ, ಹುರಿದು, ಹಿಟ್ಟು ಮಾಡುವ ನಮ್ಮ ತಾಯಂದಿರಿಗೆ ಆ ಪರಿಮಳ ಅಪರಿಚಿತವಲ್ಲ. ಆದರೆ ಇದರಲ್ಲಿ ಶೇ. 7.9ರಷ್ಟು ಮದ್ಯಸಾರವಿದೆ.

ಸಂತ ತೋಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ವಿಚಾರ ಮಾಡಿದ್ದಾರೆ. ಪಾನೀಯವು ಧರ್ಮಸಭೆಯ ಉಪವಾಸ ನಿಯಮವನ್ನು ಮುರಿಯುವುದಿಲ್ಲ. ಆದರೆ ಮಿತಿಮೀರಿ ಕುಡಿಯುವವನು ಪಾಪಕ್ಕೊಳಗಾಗಿ ಉಪವಾಸದ ಪುಣ್ಯವನ್ನೇ ಕಳೆದುಕೊಳ್ಳಬಹುದು ಎಂಬುದು ಅವರ ನಿಲುವು. ನಿಯಮ ಉಳಿದೂ ವ್ರತ ಅಳಿಯಬಹುದೆಂದು ಇದರ ತಾತ್ಪರ್ಯ.

ನಾವು ಇದನ್ನು ವಿವರಿಸುತ್ತಿದ್ದಾಗ ಆ ತಾಯಿ ಮೆಲ್ಲನೆ ಹೇಳಿದರು: “ನಮ್ಮ ಯಜಮಾನರೂ ನಲವತ್ತು ದಿನ ಮಾಂಸ ಮುಟ್ಟುತ್ತಿರಲಿಲ್ಲ, ಸ್ವಾಮಿ. ಸಾರಾಯಿ ಮಾತ್ರ ಬಿಡಲಿಲ್ಲ.” ಗೋಡೆಯ ಮೇಲೆ ಹಾರ ಹಾಕಿದ್ದ ಅವರ ಭಾವಚಿತ್ರವಿತ್ತು. ಮಗ ತಲೆ ತಗ್ಗಿಸಿ ಬಾಟಲಿಯನ್ನು ಒಳಗೆ ತೆಗೆದುಕೊಂಡು ಹೋದ.

ನಾವು ಓದಿದ ತತ್ವಶಾಸ್ತ್ರ ಅಂದು ಆ ಒಂದು ಮಾತಿನ ಮುಂದೆ ಮೌನವಾಯಿತು. ಪ್ರಿಯರೇ, ಸನ್ಯಾಸಿಗಳು ಹಸಿವನ್ನು ತಾಳುವುದಕ್ಕಾಗಿ ಕುಡಿದರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಬ್ಬನು ಕುಡಿಯುವುದರಿಂದ ಉಳಿದವರು ಹಸಿಯುತ್ತಾರೆ. ಮುಂದಿನ ವಿಭೂತಿ ಬುಧವಾರ ಏನನ್ನು ಬಿಡಬೇಕೆಂದು ಗುರುಗಳನ್ನು ಕೇಳುವ ಮುನ್ನ, ಮನೆಯವರನ್ನು ಒಮ್ಮೆ ಕೇಳೋಣ.