ನಿಮಗಿದು ಗೊತ್ತೆ? ಒಂದೇ ಉದ್ದದ ಐರನ್‌ಗಳು ಮತ್ತು ಕಿರು ಹೊಡೆತ

ಗಾಲ್ಫ್‌ನ ಐರನ್‌ಗಳಲ್ಲಿ, ಅಂದರೆ ಲೋಹದ ತೆಳು ತಲೆಯ ಕ್ಲಬ್‌ಗಳಲ್ಲಿ, ಸಂಖ್ಯೆ ಏರಿದಂತೆ ಕೋಲಿನ ಉದ್ದ ಸಾಮಾನ್ಯವಾಗಿ ಅರ್ಧ ಅಂಗುಲದಷ್ಟು ಕಡಿಮೆಯಾಗುತ್ತ ಹೋಗುತ್ತದೆ; ಆದರೆ 2020ರ ಯುಎಸ್ ಓಪನ್ ಗೆದ್ದ ಅಮೆರಿಕದ ಬ್ರೈಸನ್ ಡಿಶಾಂಬೋ ಅವರ ಐರನ್‌ಗಳೆಲ್ಲ ಸುಮಾರು 37.5 ಅಂಗುಲ ಉದ್ದದವು.

ಎಲ್ಲ ಪೂರ್ಣ ಹೊಡೆತಗಳಿಗೂ ಒಂದೇ ನಿಲುವು ಸಾಕೆಂಬುದು ಇದರ ದೊಡ್ಡ ಅನುಕೂಲ. ನಿಜವಾದ ಪರೀಕ್ಷೆ ಎದುರಾಗುವುದು ಗ್ರೀನ್ ಎಂಬ, ಕುಳಿಯಿರುವ ನುಣುಪು ಹುಲ್ಲುಹಾಸಿನ ಅಂಚಿನಲ್ಲಿ. ಚೆಂಡನ್ನು ಮೇಲೆತ್ತಲು ಬಳಸುವ, ಮುಖ ಹೆಚ್ಚು ಓರೆಯಾಗಿರುವ ವೆಜ್ ಕ್ಲಬ್ ಇಲ್ಲಿ ವಾಡಿಕೆಗಿಂತ ಸುಮಾರು ಎರಡು ಅಂಗುಲ ಉದ್ದವಾಗಿರುವುದರಿಂದ, ಆಟಗಾರನು ಕ್ಲಬ್ಬನ್ನು ಸಾಕಷ್ಟು ಕೆಳಗೆ ಹಿಡಿದು, ಪಾದಗಳನ್ನು ಹತ್ತಿರ ತಂದು, ಚೆಂಡಿನ ಸಮೀಪ ನಿಲ್ಲಬೇಕಾಗುತ್ತದೆ.

ಉದ್ದವನ್ನು ಸರಿದೂಗಿಸಲು ಇಂಥ ವೆಜ್‌ಗಳ ತಲೆಯನ್ನು ಮೊದಲೇ ಹಗುರಗೊಳಿಸಿರುತ್ತಾರೆ. ಕೆಳಗೆ ಹಿಡಿದಾಗ ಅದು ಮತ್ತಷ್ಟು ಹಗುರವೆನಿಸಿ ಮಣಿಕಟ್ಟು ಅವಸರಪಡುವುದರಿಂದ, ಬೀಸು ಭುಜಗಳಿಂದಲೇ ನಿಧಾನವಾಗಿ ಹೊರಡುವುದು ಅತ್ಯಗತ್ಯ. ಮರಳುಗುಂಡಿಯ ಹೊಡೆತಕ್ಕೆ ಮಾತ್ರ ಹಳೆಯ ಗಿಡ್ಡ ವೆಜ್ಜನ್ನೇ ಉಳಿಸಿಕೊಳ್ಳುವುದು ಹವ್ಯಾಸಿಗಳಿಗೆ ಹೆಚ್ಚು ವಿವೇಕದ ದಾರಿ.