ಡಬ್ಬಿಯೊಳಗೊಂದು ತಿಜೋರಿ: ಸಣ್ಣ ಚಿಪ್‌ನಲ್ಲಿ ಮೆಮೊರಿಗೆ ಗೋಡೆ ಕಟ್ಟುವುದು ಹೇಗೆ?

ಈ ಲೇಖನ ಹುಟ್ಟಿದ್ದು ಔರಾದ ಕಡೆಯ ಡಾಬಕಾದ ಒಂದು ಹೊಲದಲ್ಲಿ. ನಮ್ಮ ಪ್ರಾಜೆಕ್ಟ್ ತಂಡದ ಗೆಳೆಯನೊಬ್ಬನ ಕಾಕಾನ ಹೊಲ ಅದು. ಬೋರ್‌ವೆಲ್ ಇದೆ, ಮೋಟಾರ್ ಇದೆ. ಆದರೆ ತ್ರೀ ಫೇಸ್ ಕರೆಂಟ್ ಎಷ್ಟೋ ದಿನ ರಾತ್ರಿಯೇ ಬರುತ್ತದೆ. ಬ್ಯಾಟರಿ ಹಿಡಿದು ಹೋಗಿ ಮೋಟಾರ್ ಚಾಲೂ ಮಾಡಬೇಕು, ನೀರು ಹರಿದ ಮೇಲೆ ಮತ್ತೆ ಹೋಗಿ ಬಂದ್ ಮಾಡಬೇಕು. ಕತ್ತಲಲ್ಲಿ ಹಾವು ಚೇಳಿನ ಭಯ ಬೇರೆ. ಮೊಬೈಲ್ ಸ್ಟಾರ್ಟರ್ ಅಂಗಡಿಯಲ್ಲೂ ಸಿಗುತ್ತದೆ, ಆದರೆ ನಮಗೆ ನಾವೇ ಮಾಡಿ ಕಲಿಯುವ ಹುಮ್ಮಸ್ಸು. ಒಂದು ಜಿಎಸ್‌ಎಂ ಮಾಡ್ಯೂಲ್, ಒಂದು ಎಸ್‌ಟಿಎಂ32 ಬೋರ್ಡ್, ಒಂದು ರಿಲೇ. ಕಾಕಾನ ನಂಬರಿನಿಂದ ‘ಆನ್’ ಎಂದು ಎಸ್‌ಎಂಎಸ್ ಬಂದರೆ ಮೋಟಾರ್ ಚಾಲೂ, ‘ಆಫ್’ ಎಂದರೆ ಬಂದ್. ಬೇರೆ ನಂಬರಿನಿಂದ ಬಂದರೆ ಸುಮ್ಮನಿರಬೇಕು.

ಕೆಲವು ವಾರ ಚೆನ್ನಾಗಿಯೇ ನಡೆಯಿತು. ಒಂದು ದಿನ ಬೆಳಿಗ್ಗೆ ಕಾಕಾನ ಫೋನ್ ಬಂತು.

“ತಮ್ಮಾ, ರಾತ್ರಿ ಮೂರು ಸಲ ಆಫ್ ಅಂತ ಮೆಸೇಜ್ ಹಾಕ್ದೆ. ನಿಮ್ಮ ಡಬ್ಬಿ ಕೇಳ್ಲೇ ಇಲ್ಲ. ಕಡೀಗಿ ನಾನೇ ಬ್ಯಾಟ್ರಿ ಹಿಡ್ಕೊಂಡು ಹೊಲಕ್ಕ ಹೋಗಿ ಬಂದ್ ಮಾಡಿ ಬಂದೆ. ಈ ಡಬ್ಬಿ ಯಾರ ಮಾತು ಕೇಳ್ತದ ಅದರ ಹೇಳ್ರಿ.”

ಯಾವ ಕಷ್ಟ ತಪ್ಪಿಸಲು ಡಬ್ಬಿ ಮಾಡಿದ್ದೆವೋ ಅದೇ ಕಷ್ಟ ಡಬ್ಬಿಯಿಂದಲೇ ಬಂದಿತ್ತು. ನಾವು ಹೋಗಿ ಕರೆಂಟ್ ತೆಗೆದು ಮತ್ತೆ ಹಾಕಿದರೆ ಸರಿಯಾಗಿ ಕೆಲಸ ಮಾಡುತ್ತಿತ್ತು! ಇಂಥ ತಪ್ಪೇ ಎಲ್ಲಕ್ಕಿಂತ ಪೀಡೆ.

ತಪ್ಪು ಎಲ್ಲಿತ್ತು?

ಲ್ಯಾಬ್‌ಗೆ ತಂದು ನಾಲ್ಕು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಬಂದ ಎಸ್‌ಎಂಎಸ್ ಇಡಲು ನಾವು 128 ಬೈಟ್‌ನ ಬಫರ್ ಇಟ್ಟಿದ್ದೆವು. ಅದೇ ಸ್ಟ್ರಕ್ಟ್‌ನಲ್ಲಿ, ಅದರ ಪಕ್ಕದಲ್ಲೇ, ಕಾಕಾನ ಫೋನ್ ನಂಬರ್. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರದವರೆಗೆ ಇರಬಹುದು. ಆ ರಾತ್ರಿ ಸಿಮ್‌ಗೆ ಯಾವುದೋ ಆಫರ್‌ನ ಉದ್ದನೆಯ ಮೆಸೇಜ್ ಬಂದಿತ್ತು. ನಮ್ಮ ಕೋಡ್ ಕಳಿಸಿದವರು ಯಾರು ಎಂದು ನೋಡುವ ಮೊದಲೇ ಅದನ್ನು ಅಳತೆಯಿಲ್ಲದೆ ಬಫರ್‌ಗೆ ಸುರಿದಿತ್ತು. 140 ಅಕ್ಷರದ ಮೆಸೇಜ್ ಎಂದುಕೊಳ್ಳಿ: 128 ಬಫರ್‌ನಲ್ಲಿ ಕೂತವು, ಉಳಿದ 12 ಕಾಕಾನ ನಂಬರಿನ ಮೇಲೆ ಕೂತವು. ಅಲ್ಲಿಂದ ಮುಂದೆ ಕಾಕಾ ಡಬ್ಬಿಗೆ ಪರಕೀಯ. ರೀಸೆಟ್ ಆದರೆ ಫ್ಲ್ಯಾಶ್‌ನಿಂದ ನಂಬರ್ ಮತ್ತೆ ಓದಿಕೊಳ್ಳುತ್ತಿದ್ದರಿಂದ ಎಲ್ಲ ಸರಿ ಕಾಣುತ್ತಿತ್ತು.

ಒಂದು ಸಾಲಿನ ಅಳತೆ ಪರೀಕ್ಷೆ ಹಾಕಿದೆವು, ಈ ತಪ್ಪು ಹೋಯಿತು. ಆದರೆ ಪ್ರಶ್ನೆ ಉಳಿಯಿತು. ಜಿಎಸ್‌ಎಂ ಲೈಬ್ರರಿಯನ್ನು ನಾವು ಬರೆದಿರಲಿಲ್ಲ, ಇಂಟರ್ನೆಟ್‌ನಿಂದ ಇಳಿಸಿಕೊಂಡಿದ್ದೆವು. ಅದರಲ್ಲಿ ಇಂಥವು ಇನ್ನೆಷ್ಟಿವೆಯೋ? ‘ನಂಬಲಾಗದ ಕೋಡ್’ ಎಂದಾಗ ನಮಗೆ ಹ್ಯಾಕರ್ ನೆನಪಾಗುತ್ತಾನೆ. ಈ ಕಥೆಯಲ್ಲಿ ಹ್ಯಾಕರ್ ಇಲ್ಲವೇ ಇಲ್ಲ. ಹೊರಗಿನ ಮಾತನ್ನು ಓದುವ ಕೋಡ್ ನಾವೇ ಬರೆದಿದ್ದರೂ ನಂಬಬಾರದು ಎಂಬುದೇ ನಾವು ಕಲಿತ ಮೊದಲ ಪಾಠ.

ಗೋಡೆಯಿಲ್ಲದ ಮನೆ

ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿ ಮುಟ್ಟಲು ಹೋದರೆ ಆಪರೇಟಿಂಗ್ ಸಿಸ್ಟಮ್ ಅದನ್ನು ಅಲ್ಲೇ ಮುಗಿಸುತ್ತದೆ. ಅದರ ಹಿಂದೆ ಎಂಎಂಯು ಎಂಬ ಹಾರ್ಡ್‌ವೇರ್ ಇದೆ. ಸಣ್ಣ ಮೈಕ್ರೋಕಂಟ್ರೋಲರ್‌ನಲ್ಲಿ ಅದಿಲ್ಲ. ರ‍್ಯಾಮ್, ಫ್ಲ್ಯಾಶ್, ರಿಲೇ ತಿರುಗಿಸುವ ಪಿನ್, ಎಲ್ಲವೂ ಒಂದೇ ಅಡ್ರೆಸ್ ಸಾಲಿನಲ್ಲಿ ಬಯಲಿಗೆ ಬಿದ್ದಿರುತ್ತವೆ. ಯಾವ ಪಾಯಿಂಟರ್ ಬೇಕಾದರೂ ಎಲ್ಲಿ ಬೇಕಾದರೂ ಬರೆಯಬಹುದು.

ಇಲ್ಲಿ ಗೋಡೆ ಕಟ್ಟಲು ಇರುವ ಸಾಧನವೇ ಎಂಪಿಯು, ಅಂದರೆ ಮೆಮೊರಿ ಪ್ರೊಟೆಕ್ಷನ್ ಯೂನಿಟ್. ಇದು ಅಡ್ರೆಸ್ ಬದಲಿಸುವುದಿಲ್ಲ, ಅನುಮತಿ ಮಾತ್ರ ನೋಡುತ್ತದೆ. ಆದರೆ ಇದು ಎಲ್ಲ ಚಿಪ್‌ನಲ್ಲೂ ಇರುವುದಿಲ್ಲ. ನಾವು ಬಳಸಿದ್ದು ಎಲ್ಲರ ಮೆಚ್ಚಿನ ‘ಬ್ಲೂ ಪಿಲ್’ ಬೋರ್ಡ್. ಅದರ ಎಸ್‌ಟಿಎಂ32ಎಫ್103ಸಿ8 ಚಿಪ್‌ನಲ್ಲಿರುವುದು ಕಾರ್ಟೆಕ್ಸ್-ಎಂ3. ಕಾರ್ಟೆಕ್ಸ್-ಎಂ3ಗೆ ಎಂಪಿಯು ಐಚ್ಛಿಕ, ಈ ಚಿಪ್‌ನಲ್ಲಿ ಹಾಕಿಲ್ಲ. ಎಂಪಿಯು ಟೈಪ್ ರಿಜಿಸ್ಟರ್ ಓದಿದರೆ ವಲಯಗಳ ಸಂಖ್ಯೆ 0 ಬರುತ್ತದೆ. ಹಾಗಾಗಿ ಎಸ್‌ಟಿಎಂ32ಎಫ್401 ಇರುವ ‘ಬ್ಲ್ಯಾಕ್ ಪಿಲ್’ಗೆ ಬದಲಾದೆವು. ಅದು ಕಾರ್ಟೆಕ್ಸ್-ಎಂ4, ಅದೇ ರಿಜಿಸ್ಟರ್ 8 ವಲಯ ಎಂದು ಹೇಳುತ್ತದೆ. ಬೋರ್ಡ್ ಕೊಳ್ಳುವ ಮೊದಲು ಡೇಟಾಶೀಟ್‌ನಲ್ಲಿ ಈ ಒಂದು ಸಾಲು ನೋಡಿಕೊಳ್ಳಿ.

ಗೋಡೆ ಎಲ್ಲೆಲ್ಲಿ ಹಾಕಿದೆವು?

ಈ ಕೋರ್‌ಗೆ ಎರಡು ಸ್ಥಿತಿಗಳಿವೆ: ಪ್ರಿವಿಲೇಜ್ಡ್ ಮತ್ತು ಅನ್‌ಪ್ರಿವಿಲೇಜ್ಡ್. ರೀಸೆಟ್ ಆದಾಗ ಕೋಡ್ ಪ್ರಿವಿಲೇಜ್ಡ್ ಆಗಿಯೇ ಎದ್ದೇಳುತ್ತದೆ. ಕಂಟ್ರೋಲ್ ರಿಜಿಸ್ಟರ್‌ನ ಒಂದು ಬಿಟ್ ಹಾಕಿ ಕೆಳಗಿಳಿದರೆ ತಾನಾಗಿ ಮೇಲೆ ಬರಲು ಆಗುವುದಿಲ್ಲ. ಎಸ್‌ವಿಸಿ ಎಂಬ ಇನ್‌ಸ್ಟ್ರಕ್ಷನ್ ಮೂಲಕ ‘ಈ ಕೆಲಸ ಮಾಡಿಕೊಡಿ’ ಎಂದು ಕೇಳಬೇಕು.

ನಾವು ಕೋಡ್ ಅನ್ನು ಎರಡು ಭಾಗ ಮಾಡಿದೆವು. ಎಸ್‌ಎಂಎಸ್ ಓದುವ ಭಾಗ ಮತ್ತು ಇಳಿಸಿಕೊಂಡ ಲೈಬ್ರರಿ ಅನ್‌ಪ್ರಿವಿಲೇಜ್ಡ್. ನಂಬರ್ ಹೋಲಿಸುವುದು, ರಿಲೇ ತಿರುಗಿಸುವುದು, ಬೋರ್ ಬತ್ತಿ ಮೋಟಾರಿನ ಕರೆಂಟ್ ಇಳಿದರೆ ತಾನೇ ಬಂದ್ ಮಾಡುವುದು ಪ್ರಿವಿಲೇಜ್ಡ್. ಈ ಎರಡನೆಯದನ್ನು ‘ಕಾವಲು ಭಾಗ’ ಎನ್ನೋಣ. ಎಸ್‌ಎಂಎಸ್ ಭಾಗಕ್ಕೆ ನಾವು ಬಿಟ್ಟುಕೊಟ್ಟಿದ್ದು ಮೂರೇ ವಲಯ:

ಒಂದು, ಕೋಡ್ ಇರುವ ಫ್ಲ್ಯಾಶ್. ಓದಬಹುದು, ಓಡಿಸಬಹುದು, ಬರೆಯುವಂತಿಲ್ಲ.

ಎರಡು, ಅದರದೇ 8 ಕೆಬಿ ರ‍್ಯಾಮ್. ಬಫರ್, ಸ್ಟ್ಯಾಕ್ ಎಲ್ಲ ಇದರೊಳಗೇ. ಇಲ್ಲಿಂದ ಕೋಡ್ ಓಡಿಸುವಂತಿಲ್ಲ.

ಮೂರು, ಜಿಎಸ್‌ಎಂ ಮಾಡ್ಯೂಲ್ ಜೋಡಿಸಿದ ಯುಎಸ್‌ಎಆರ್‌ಟಿ2ರ 1 ಕೆಬಿ.

ಉಳಿದದ್ದೆಲ್ಲ ನಿಷೇಧ. ‘ಇದನ್ನು ಮುಟ್ಟಬೇಡ’ ಎಂದು ಪಟ್ಟಿ ಮಾಡಿದರೆ ಒಂದಲ್ಲ ಒಂದು ಮರೆಯುತ್ತೇವೆ. ‘ಇಷ್ಟೇ ಮುಟ್ಟು’ ಎಂದರೆ ಮರೆತದ್ದೂ ಸುರಕ್ಷಿತ. ಇನ್ನೊಂದು ಕೆಲಸವಿತ್ತು. ಸೆಟ್ಟಿಂಗ್ಸ್ ಇಟ್ಟ 16 ಕೆಬಿ ಸೆಕ್ಟರ್ ಇದೇ ಫ್ಲ್ಯಾಶ್‌ನಲ್ಲಿತ್ತು. ವಲಯಗಳು ಒಂದರ ಮೇಲೊಂದು ಬಿದ್ದರೆ ದೊಡ್ಡ ಸಂಖ್ಯೆಯ ವಲಯದ ಮಾತೇ ನಡೆಯುತ್ತದೆ. ಆದ್ದರಿಂದ ಆ ಸೆಕ್ಟರ್ ಮೇಲೆ 7ನೇ ವಲಯ ಹಾಕಿ ಕಾವಲು ಭಾಗಕ್ಕೆ ಮಾತ್ರ ಎಂದು ಬರೆದೆವು. ಅದೇ ನಮ್ಮ ತಿಜೋರಿ.

ಇಲ್ಲಿ ಅಳತೆಯ ತೊಡಕೊಂದಿದೆ. ಈ ಪೀಳಿಗೆಯ ಎಂಪಿಯುನಲ್ಲಿ ವಲಯದ ಗಾತ್ರ 32, 64, 128 ಹೀಗೆ ಎರಡರ ಘಾತವಾಗಿಯೇ ಇರಬೇಕು, ಆರಂಭದ ಅಡ್ರೆಸ್ ಆ ಗಾತ್ರದ ಗುಣಕವಾಗಿರಬೇಕು. 5 ಕೆಬಿ ಬೇಕೆಂದರೆ 8 ಕೆಬಿ ತೆಗೆದುಕೊಂಡು, ಅದರ ಎಂಟು ಉಪವಲಯಗಳಲ್ಲಿ ಮೂರನ್ನು ಮುಚ್ಚಬೇಕು. ಲಿಂಕರ್ ಸ್ಕ್ರಿಪ್ಟ್ ಜೊತೆ ಜಗಳವಾಡಲು ಒಂದು ಸಂಜೆ ಮೀಸಲಿಡಿ!

ನಂತರ ಹಳೆಯ ತಪ್ಪನ್ನು ಬೇಕೆಂದೇ ವಾಪಸ್ ಹಾಕಿ, ಬಫರ್ ಅನ್ನು ವಲಯದ ತುದಿಗಿಟ್ಟು, ಉದ್ದನೆಯ ಮೆಸೇಜ್ ಕಳಿಸಿದೆವು. ಗೋಡೆ ದಾಟಿದ ಮೊದಲ ಬರಹದಲ್ಲೇ ಕೋರ್ ನಿಂತಿತು, ಮೆಮ್‌ಮ್ಯಾನೇಜ್ ಫಾಲ್ಟ್ ಬಂತು. ಯಾವ ಅಡ್ರೆಸ್ ಮುಟ್ಟಲು ಹೋಗಿತ್ತು ಎಂಬುದೂ ರಿಜಿಸ್ಟರ್‌ನಲ್ಲಿ ಸಿಕ್ಕಿತು. ನಾಲ್ಕು ದಿನದ ಹುಡುಕಾಟ ಒಂದು ಕ್ಷಣಕ್ಕೆ ಇಳಿಯಿತು. (ಈ ಫಾಲ್ಟ್ ಅನ್ನು ನೀವೇ ಚಾಲೂ ಮಾಡಬೇಕು. ಇಲ್ಲವಾದರೆ ಅದು ಹಾರ್ಡ್‌ಫಾಲ್ಟ್ ಆಗಿ ಬರುತ್ತದೆ.)

ಬಾಗಿಲಲ್ಲಿ ಮೋಸ

ಬೀದರ್ ಕೋಟೆಗೆ ನಾವೆಲ್ಲ ಹೋಗಿದ್ದೇವೆ. ಕೆಂಪು ಕಲ್ಲು ಕಡಿದು ಮಾಡಿದ ಮೂರು ಸಾಲಿನ ಕಂದಕ, ದಪ್ಪ ಗೋಡೆ. ಆದರೂ ಜನ ಒಳಗೆ ಹೋಗಿ ಬರಲೇಬೇಕಲ್ಲ? ಅದಕ್ಕೆ ಶರ್ಜಾ ದರ್ವಾಜಾ, ಅದು ದಾಟಿದರೆ ಗುಂಬದ್ ದರ್ವಾಜಾ. ಗೋಡೆ ಎಷ್ಟು ದಪ್ಪವಿದ್ದರೂ ಕಾವಲುಗಾರನ ಕಣ್ಣು ಇರಬೇಕಾದ್ದು ದರ್ವಾಜಾದಲ್ಲಿ. ಚಿಪ್‌ನಲ್ಲೂ ಹಾಗೇ. ನಾವು ಎಡವಿದ ಮತ್ತು ಎಡವುವುದರಲ್ಲಿದ್ದ ಜಾಗಗಳು ಇವು:

ಇಂಟರಪ್ಟ್: ಇಂಟರಪ್ಟ್ ಹ್ಯಾಂಡ್ಲರ್ ಯಾವಾಗಲೂ ಪ್ರಿವಿಲೇಜ್ಡ್. ನಮ್ಮ ಯುಎಸ್‌ಎಆರ್‌ಟಿ ಹ್ಯಾಂಡ್ಲರ್ ಬಂದ ಪ್ರತಿ ಬೈಟ್ ಅನ್ನು ಎಸ್‌ಎಂಎಸ್ ಭಾಗದ ಬಫರ್‌ಗೆ ಹಾಕುತ್ತಿತ್ತು. ಎಷ್ಟನೇ ಜಾಗಕ್ಕೆ ಹಾಕಬೇಕು ಎಂಬ ಇಂಡೆಕ್ಸ್ ಕೂಡ ಆ ಭಾಗದ ರ‍್ಯಾಮ್‌ನಲ್ಲೇ ಇತ್ತು. ಅದನ್ನು ಯಾರಾದರೂ ಕೆಡಿಸಿದರೆ ಕಾವಲುಗಾರನೇ ತನ್ನ ಕೈಯಾರೆ ತಿಜೋರಿಯ ಮೇಲೆ ಬರೆಯುತ್ತಿದ್ದ. ಇಂಡೆಕ್ಸ್ ಅನ್ನು ಒಳಗೆ ತಂದೆವು.

ಪಾಯಿಂಟರ್: ಹೊರಗಿನವರು ‘ಉತ್ತರವನ್ನು ಈ ಅಡ್ರೆಸ್‌ಗೆ ಬರೆಯಿರಿ’ ಎಂದು ಕೇಳಿದಾಗ, ಆ ಅಡ್ರೆಸ್ ನಿಜವಾಗಿ ಅವರದೇನಾ ಎಂದು ಮೊದಲಿನಿಂದ ಕೊನೆಯವರೆಗೆ ನೋಡಬೇಕು.

ಡಿಎಂಎ: ಎಂಪಿಯು ಕೋರ್‌ನೊಳಗೆ ಕೂತಿದೆ, ಡಿಎಂಎ ಅದರ ಹೊರಗೆ. ಡಿಎಂಎ ಕಂಟ್ರೋಲರ್ ಅನ್ನು ನಂಬದ ಕೋಡ್‌ನ ಕೈಗೆ ಕೊಟ್ಟರೆ ಅದು ಗೋಡೆಯನ್ನು ಬಳಸಿಕೊಂಡು ಹಿಂಬದಿಯಿಂದ ಬರುತ್ತದೆ.

ಡೀಬಗ್ ಪಿನ್: ಎಸ್‌ಟಿ-ಲಿಂಕ್ ಚುಚ್ಚಿದವರು ಎಲ್ಲವನ್ನೂ ಓದಬಹುದು. ಡಬ್ಬಿ ಹೊಲಕ್ಕೆ ಹೋಗುವ ಮೊದಲು ರೀಡೌಟ್ ಪ್ರೊಟೆಕ್ಷನ್ ಹಾಕಿ.

ಗೋಡೆ ಇದ್ದೂ ಬಾಗಿಲು ತೆರೆದಿಟ್ಟ ದೊಡ್ಡ ಉದಾಹರಣೆಯೂ ಇದೆ. 2017ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಗಾಲ್ ಬೆನಿಯಾಮಿನಿ, ಅನೇಕ ಸ್ಮಾರ್ಟ್‌ಫೋನ್‌ಗಳಲ್ಲಿದ್ದ ಬ್ರಾಡ್‌ಕಾಮ್ ವೈಫೈ ಚಿಪ್ ಅನ್ನು ಗಾಳಿಯಲ್ಲಿ ಬರುವ ಸಂದೇಶದಿಂದಲೇ ವಶಪಡಿಸಿಕೊಳ್ಳಬಹುದು ಎಂದು ತೋರಿಸಿದರು. ಆ ಚಿಪ್‌ನ ಕಾರ್ಟೆಕ್ಸ್-ಆರ್4 ಕೋರ್‌ನಲ್ಲಿ ಎಂಪಿಯು ಇತ್ತು. ಆದರೆ ಫರ್ಮ್‌ವೇರ್ ಅದನ್ನು ಇಡೀ ಮೆಮೊರಿಯನ್ನು ಓದಬಹುದು, ಬರೆಯಬಹುದು, ಓಡಿಸಬಹುದು ಎಂಬಂತೆ ಹೊಂದಿಸಿತ್ತು. ನಮ್ಮ ಡಬ್ಬಿಯ ಕಥೆಯೇ, ಕೋಟಿಗಟ್ಟಲೆ ಜೇಬುಗಳಲ್ಲಿ.

ಮುಂದಿನ ಪೀಳಿಗೆ

ಈ ತೊಡಕುಗಳಲ್ಲಿ ಕೆಲವಕ್ಕೆ ಹೊಸ ಚಿಪ್‌ಗಳು ಹಾರ್ಡ್‌ವೇರ್‌ನಲ್ಲೇ ಉತ್ತರ ಕೊಡುತ್ತವೆ. ಆರ್ಮ್‌ನ ಟ್ರಸ್ಟ್‌ಝೋನ್ ಕಾರ್ಟೆಕ್ಸ್-ಎಂ23 ಮತ್ತು ಎಂ33ರಲ್ಲಿ ಮೈಕ್ರೋಕಂಟ್ರೋಲರ್‌ಗೆ ಬಂತು. 2024ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋ 2ರಲ್ಲೂ ಎಂ33 ಇದೆ, ಅಂದರೆ ವಿದ್ಯಾರ್ಥಿಗಳ ಕೈಗೂ ಸಿಗುತ್ತದೆ. ಇಲ್ಲಿ ಮೆಮೊರಿ, ಇಂಟರಪ್ಟ್‌ಗಳೆರಡೂ ಸೆಕ್ಯೂರ್ ಮತ್ತು ನಾನ್-ಸೆಕ್ಯೂರ್ ಎಂಬ ಎರಡು ಲೋಕಗಳಾಗಿ ಒಡೆದಿರುತ್ತವೆ. ಹೊರಗಿನ ಕೋಡ್ ಒಳಗಿನ ಫಂಕ್ಷನ್ ಕರೆಯಬೇಕೆಂದರೆ ಅದಕ್ಕೆಂದೇ ಗುರುತಿಸಿದ ವಲಯದಲ್ಲಿ, ಎಸ್‌ಜಿ ಎಂಬ ಇನ್‌ಸ್ಟ್ರಕ್ಷನ್ ಇರುವ ಜಾಗಕ್ಕೇ ಬಂದು ಇಳಿಯಬೇಕು. ಬೇರೆಲ್ಲಿ ಹಾರಿದರೂ ಸೆಕ್ಯೂರ್‌ಫಾಲ್ಟ್. ಅಂದರೆ ದರ್ವಾಜಾವನ್ನು ಚಿಪ್ಪೇ ಗುರುತಿಸುತ್ತದೆ. ರಿಸ್ಕ್-ಫೈವ್‌ನಲ್ಲಿ ಇದೇ ಕೆಲಸಕ್ಕೆ ಪಿಎಂಪಿ ಇದೆ. ಅದರ ಲಾಕ್ ಬಿಟ್ ಹಾಕಿದರೆ ಅತಿ ಹೆಚ್ಚು ಅಧಿಕಾರದ ಮೆಷಿನ್ ಮೋಡ್‌ಗೂ ಆ ನಿಯಮ ರೀಸೆಟ್‌ವರೆಗೆ ಅನ್ವಯಿಸುತ್ತದೆ. ಆದರೂ ಬಾಗಿಲಿಗೆ ಬಂದ ಪಾಯಿಂಟರ್ ಪರೀಕ್ಷಿಸುವ ಹೊಣೆ ಕೋಡ್ ಬರೆದವರದೇ.

ಗೋಡೆ ಮಾಡಲಾಗದ್ದು

ಕೊನೆಗೊಂದು ಪ್ರಾಮಾಣಿಕ ಮಾತು. ಎಸ್‌ಎಂಎಸ್ ಭಾಗ ಕೆಟ್ಟರೆ ಅದು ನಂಬರ್ ಬದಲಿಸಲಾರದು, ರಿಲೇ ಮುಟ್ಟಲಾರದು. ಆದರೆ ‘ಕಾಕಾನೇ ಆನ್ ಅಂದಿದ್ದಾರೆ’ ಎಂದು ಕಾವಲು ಭಾಗಕ್ಕೆ ಸುಳ್ಳು ಹೇಳಬಹುದು! ಗೋಡೆ ಕಳ್ಳತನ ತಡೆಯುತ್ತದೆ, ಸುಳ್ಳನ್ನಲ್ಲ. ಸುಳ್ಳು ತಡೆಯಲು ಪ್ರತಿ ಸಂದೇಶಕ್ಕೂ ಗುಟ್ಟಿನ ಕೀಲಿಯಿಂದ ಹಾಕಿದ ಮುದ್ರೆ ಬೇಕು, ಆ ಕೀಲಿ ತಿಜೋರಿಯೊಳಗೇ ಇರಬೇಕು, ಪರೀಕ್ಷೆಯೂ ಅಲ್ಲೇ ನಡೆಯಬೇಕು. ಕಾಕಾನದು ಕೀಪ್ಯಾಡ್ ಫೋನ್, ಆದ್ದರಿಂದ ಅದಿನ್ನೂ ಬಾಕಿ. ಸದ್ಯಕ್ಕೆ ಯಾರು ಏನೇ ಹೇಳಿದರೂ ಬತ್ತಿದ ಬೋರ್‌ನಲ್ಲಿ ಮೋಟಾರ್ ಓಡದಂತೆ ಕಾವಲು ಭಾಗ ನೋಡಿಕೊಳ್ಳುತ್ತದೆ. ಫಾಲ್ಟ್ ಬಂದರೆ ರಿಲೇ ಬಿಟ್ಟು, ಎಸ್‌ಎಂಎಸ್ ಭಾಗವನ್ನು ಹೊಸದಾಗಿ ಎಬ್ಬಿಸುತ್ತದೆ. ಅದು ಫಾಲ್ಟ್ ಇಲ್ಲದೆ ಸುಮ್ಮನೆ ಸಿಕ್ಕಿಕೊಂಡರೆ ವಾಚ್‌ಡಾಗ್ ಇಡೀ ಚಿಪ್ ರೀಸೆಟ್ ಮಾಡುತ್ತದೆ.

ನಿಮ್ಮ ಪ್ರಾಜೆಕ್ಟ್ ಏನೇ ಇರಲಿ, ಒಂದು ಹಾಳೆ ತೆಗೆದುಕೊಂಡು ಎರಡು ಪಟ್ಟಿ ಬರೆಯಿರಿ: ಹೊರಗಿನ ಮಾತು ಓದುವ ಕೋಡ್ ಯಾವುದು, ಕೆಟ್ಟರೆ ಯಾರಿಗಾದರೂ ತೊಂದರೆಯಾಗುವ ಬೈಟ್‌ಗಳು ಯಾವುವು. ಇವೆರಡರ ನಡುವೆ ಹಾರ್ಡ್‌ವೇರ್ ಗೋಡೆ ಇದೆಯೇ ನೋಡಿ. ಇದ್ದರೆ ನೀವೇ ಅದಕ್ಕೆ ಡಿಕ್ಕಿ ಹೊಡೆದು ಪರೀಕ್ಷಿಸಿ.

ಹೊಸ ಡಬ್ಬಿ ಕೂರಿಸಿದ ದಿನ ಕಾಕಾ ಮತ್ತೆ ಕೇಳಿದರು, “ಈಗ ಯಾರ ಮಾತು ಕೇಳ್ತದ?” ಎಲ್ಲರ ಮಾತೂ ಕೇಳ್ತದ ಕಾಕಾ, ಆದರ ಒಳಗ ಬಿಡೂದು ನೋಡಿ ಬಿಡ್ತದ ಅಂದೆವು. ಕಾಕಾ ನಕ್ಕು, ಫೋನ್ ತೆಗೆದು ನಮ್ಮೆದುರೇ ‘ಆಫ್’ ಎಂದು ಕಳಿಸಿದರು. ರಿಲೇ ಟಕ್ ಎಂದಿತು.